ಅರ್ಧಕ್ಕೆ ಲೋಳೆಸರ, ಅರ್ಧಕ್ಕೆ ತುಪ್ಪ

ಸುಟ್ಟ ಗಾಯದ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂದು ನಂಬಿಕೊಂಡಿದ್ದೆ. ಮಾಚೇನಹಳ್ಳಿಯ ಫೌಂಡ್ರಿಯೊಂದರಲ್ಲಿ ಇಪ್ಪತ್ತೆಂಟು ವರ್ಷ ಕಬ್ಬಿಣ ಕರಗಿಸಿ ಎರಕ ಹೊಯ್ದವನು ನಾನು. ಕಿಡಿ ಹಾರಿ ಮುಂಗೈ ಸುಟ್ಟುಕೊಂಡಾಗಲೆಲ್ಲ, ಗೇಟಿನ ಪಕ್ಕ ಹಳೇ ಡ್ರಮ್ಮಿನಲ್ಲಿ ಬೆಳೆಸಿದ್ದ ಲೋಳೆಸರದ ಎಲೆ ಮುರಿದು ಸವರಿಕೊಂಡು ಮತ್ತೆ ಕೆಲಸಕ್ಕೆ ನಿಲ್ಲುತ್ತಿದ್ದೆವು. ಹಾಗಾಗಿ ನನ್ನ ಹೆಂಡತಿಗೆ ಎಡ ಸ್ತನದ ಆಪರೇಷನ್ ಆಗಿ, ಶಿವಮೊಗ್ಗದ ಆಸ್ಪತ್ರೆಯಲ್ಲಿ ಇಪ್ಪತ್ತೈದು ದಿನ ರೇಡಿಯೇಷನ್ ಎಂದು ನಿರ್ಧಾರವಾದಾಗ, ಕ್ಯಾನ್ಸರು ಡಾಕ್ಟರ ಪಾಲಿಗೆ, ಚರ್ಮ ನನ್ನ ಪಾಲಿಗೆ ಎಂದು ಮನಸ್ಸಿನಲ್ಲೇ ಹಂಚಿಕೆ ಮಾಡಿಬಿಟ್ಟೆ.

ಅಲ್ಲಿನ ನರ್ಸ್ ಮೊದಲ ದಿನವೇ ಹೇಳಿದ್ದರು. "ಹೋಗ್ತಾ ಹೋಗ್ತಾ ಚರ್ಮ ಕಪ್ಪಾಗುತ್ತೆ, ಉರಿಯುತ್ತೆ, ಕೆಲವರಿಗೆ ಕಿತ್ತು ಬರುತ್ತೆ. ಜಾಸ್ತಿ ಆದ್ರೆ ನಡುವೆ ನಿಲ್ಲಿಸಬೇಕಾಗುತ್ತೆ. ಉಜ್ಜಬೇಡಿ. ನಾವು ಕೊಟ್ಟ ಕ್ರೀಮ್ ಬಿಟ್ಟು ಬೇರೆ ಏನನ್ನೂ ಕೇಳದೆ ಹಚ್ಚಬೇಡಿ." ಅಷ್ಟರಲ್ಲಿ ನನ್ನ ತಲೆಗೆ ಹೋದದ್ದು ನಿಲ್ಲಿಸಬೇಕಾಗುತ್ತೆ ಎಂಬುದೊಂದೇ. ನಡುವೆ ನಿಂತು, ಒಳಗೆ ಉಳಿದದ್ದು ಮತ್ತೆ ಬೆಳೆದುಬಿಟ್ಟರೆ? ಆ ಹೆದರಿಕೆಗೆ ಕಂಡಕಂಡವರನ್ನೆಲ್ಲ ಮದ್ದು ಕೇಳತೊಡಗಿದೆ.

ಹಿತ್ತಲ ಗಿಡ ಮದ್ದಲ್ಲ ಅನ್ನುವ ಗಾದೆಗೆ ನಮ್ಮ ಭದ್ರಾವತಿಯ ಬೀದಿಯಲ್ಲಿ ಬೆಲೆಯಿಲ್ಲ. ಎದುರುಮನೆಯಾಕೆ ಅರಿಶಿನ ಅಂದರು, ಪಕ್ಕದ ಮನೆಯವರು ಬೇವು ಅಂದರು. ನನ್ನ ತಂಗಿ ಯಾವುದೋ ಹೂವಿನ ಮುಲಾಮಿನ ವಿಡಿಯೊ ಕಳಿಸಿದಳು. ಮರುದಿನ ಅದೆಲ್ಲ ಸುಳ್ಳು ಅನ್ನುವ ಇನ್ನೊಂದು ವಿಡಿಯೊವನ್ನೂ ಅವಳೇ ಕಳಿಸಿದಳು. ಕೊನೆಗೆ ದುರ್ಗಿಗುಡಿಯ ಒಬ್ಬ ಆಯುರ್ವೇದ ಪಂಡಿತರ ಹತ್ತಿರ ಹೋದೆ. ತಾಮ್ರದ ತಟ್ಟೆಯಲ್ಲಿ ನೂರು ಸಲ ನೀರು ಹಾಕಿ ತೊಳೆದ ತುಪ್ಪ ಸುಟ್ಟ ಚರ್ಮಕ್ಕೆ ತಂಪು ಎಂದು ವಿವರಿಸಿ, "ಆದ್ರೆ ಕ್ಯಾನ್ಸರ್ ಡಾಕ್ಟರನ್ನ ಕೇಳದೆ ಹಚ್ಚಬೇಡಿ ಮಾರಾಯ್ರೆ" ಅಂದರು. ನರ್ಸ್ ಮತ್ತು ಪಂಡಿತರು ಇಬ್ಬರೂ ಒಪ್ಪಿದ್ದು ಅದೊಂದೇ ಮಾತನ್ನು. ನಾನು ಬಿಟ್ಟದ್ದೂ ಅದೊಂದನ್ನೇ.

ತಾಮ್ರದ ತಟ್ಟೆ ಇಟ್ಟುಕೊಂಡು ಜಗಲಿಯಲ್ಲಿ ಕೂತೆ. ಅಂಗೈಯಿಂದ ತುಪ್ಪ ತಿರುವುವುದು, ನೀರು ಚೆಲ್ಲುವುದು, ಮತ್ತೆ ಹಾಕುವುದು. ಅರವತ್ತನೇ ಸಲದ ಆಸುಪಾಸಿನಲ್ಲಿ ಗ್ಯಾಸ್ ಸಿಲಿಂಡರಿನವನು ಬಂದ, ಎಣಿಕೆ ತಪ್ಪಿತು. ಅರವತ್ತಮೂರೋ ಎಪ್ಪತ್ತಮೂರೋ ಗೊತ್ತಾಗದೆ ಸುಮ್ಮನೆ ಇನ್ನೊಂದಷ್ಟು ತೊಳೆದೆ. ಬೆಣ್ಣೆಯಂತೆ ಬೆಳ್ಳಗೆ ಬಂತು. ಆದರೆ ಲೋಳೆಸರವನ್ನು ಬಿಡಲೂ ಮನಸ್ಸಾಗಲಿಲ್ಲ.

ಆಗ ಫೌಂಡ್ರಿಯ ಬುದ್ಧಿ ಕೆಲಸ ಮಾಡಿತು. ಕಾದ ಕಬ್ಬಿಣ ಅಂಟದಿರಲಿ ಎಂದು ಅಚ್ಚಿನ ಒಳಮೈಗೆ ಒಂದು ಪೇಂಟ್ ಬಳಿಯುತ್ತೇವೆ. ಹೊಸ ಪೇಂಟ್ ಬಂದರೆ ಒಂದು ಸ್ಯಾಂಪಲ್ ಪೀಸಿನ ಅಚ್ಚಿಗೆ ಅರ್ಧ ಹಳೆಯದು, ಅರ್ಧ ಹೊಸದು ಬಳಿದು ಎರಕ ಹೊಯ್ದು, ಯಾವ ಕಡೆ ಮೈ ನಯವಾಗಿದೆ ಎಂದು ನೋಡುತ್ತೇವೆ. ಅದನ್ನೇ ಮಾಡಿದೆ. ದಿನಾ ಸಂಜೆ ಶಿವಮೊಗ್ಗದ ಬಸ್ಸಿಳಿದು ಮನೆಗೆ ಬಂದ ಮೇಲೆ, ಅವಳ ಎದೆಯ ನಡುವಿನ ಭಾಗಕ್ಕೆ ಲೋಳೆಸರ, ಕಂಕುಳ ಕಡೆಗೆ ತುಪ್ಪ. "ಯಾಕ್ರೀ ಎರಡೆರಡು?" ಎಂದು ಕೇಳಿದಳು. "ಎರಡೂ ಒಳ್ಳೇದೇ, ಇರಲಿ ಮಾರಾಯ್ತಿ" ಅಂದೆ. ಹಚ್ಚಿ ಮುಗಿಸಿ ಹಾಲು ತರಲು ಹೋಗುತ್ತಿದ್ದೆ.

ಹತ್ತೊಂಬತ್ತನೇ ದಿನ ಕಂಕುಳಲ್ಲಿ ಚರ್ಮ ಕಿತ್ತು ಬಂತು. ಒಳಗಿನ ಕೆಂಪು ಕಾಣುತ್ತಿತ್ತು. ಡಾಕ್ಟರ್ ನೋಡಿ, ಒಂದು ವಾರ ರೇಡಿಯೇಷನ್ ಬೇಡ ಅಂದರು. ಅಲ್ಲೇ ಎಲ್ಲವನ್ನೂ ಒಪ್ಪಿಕೊಂಡೆ. ಅರ್ಧಕ್ಕೆ ಅದು, ಅರ್ಧಕ್ಕೆ ಇದು, ಯಾವುದು ಗೆಲ್ಲುತ್ತೆ ನೋಡೋಣ ಅಂತ ಹಚ್ಚಿದೆ, ತುಪ್ಪದ ಕಡೆಯೇ ಹೋಯ್ತು ಸಾರ್.

ಹೆಂಡತಿ ನನ್ನ ಮುಖ ನೋಡಿದಳು. "ನಾನೇನು ಸ್ಯಾಂಪಲ್ ಪೀಸಾ?"

ಅವಳೇ ಡಾಕ್ಟರ ಕಡೆ ತಿರುಗಿದಳು. "ತುಪ್ಪದ್ದಲ್ಲ ಡಾಕ್ಟ್ರೇ ತಪ್ಪು. ಇವರು ಹಾಲಿಗೆ ಹೋದ ತಕ್ಷಣ ನಾನು ಎರಡನ್ನೂ ಒರೆಸಿ ತೆಗೆದು ನಿಮ್ಮ ಕ್ರೀಮ್ ಹಚ್ಕೊಳ್ತಿದ್ದೆ. ಲೋಳೆಸರ ಸುಲಭಕ್ಕೆ ಹೋಗುತ್ತೆ. ತುಪ್ಪ ಹೋಗಲ್ಲ, ನಾಲ್ಕು ಸಲ ಒರೆಸಬೇಕು."

"ಬೇಡ ಅಂತ ನನಗೆ ಹೇಳೋದಲ್ವಾ?" ಅಂದೆ. ಸಿಟ್ಟೂ ಬಂದಿತ್ತು, ಅಳುವೂ ಬಂದಿತ್ತು.

"ಬೇಡ ಅಂದಿದ್ರೆ ಸಂಜೆ ಪೂರ್ತಿ ಏನು ಮಾಡ್ತಿದ್ರಿ ನೀವು? ಕೈ ಕಟ್ಕೊಂಡು ಕೂರೋಕೆ ಬರುತ್ತಾ ನಿಮಗೆ?"

ಹಾಗಾದರೆ ಚರ್ಮ ಕಿತ್ತು ಬಂದದ್ದು ಯಾತರಿಂದ? ತುಪ್ಪದಿಂದಲೋ, ತುಪ್ಪ ಒರೆಸಿದ್ದರಿಂದಲೋ? ಡಾಕ್ಟರ್ ತಲೆಯಾಡಿಸಿದರು. ಕಂಕುಳಲ್ಲಿ ಬೆವರು, ತಿಕ್ಕಾಟ ಹೆಚ್ಚು, ಏನೂ ಹಚ್ಚದವರಿಗೂ ಅಲ್ಲಿ ಕಿತ್ತು ಬರುವುದುಂಟು, ಇಂಥದ್ದರಿಂದಲೇ ಎಂದು ಹೇಳಲಾಗದು ಅಂದರು. ಲೋಳೆಸರದಂಥವನ್ನೂ ಕೆಲವು ಕಡೆ ಪರೀಕ್ಷೆ ಮಾಡಿದ್ದಾರೆ, ಉತ್ತರ ಒಂದೇ ತರ ಬಂದಿಲ್ಲವಂತೆ. ಅವರು ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ವಾರದ ನಂತರ ಉಳಿದ ಆರು ದಿನವೂ ಮುಗಿಯಿತು. ಗಾಯ ಮಾಯ್ದಿದೆ, ಕಲೆ ಉಳಿದಿದೆ. ಮೊನ್ನೆಯ ತಪಾಸಣೆಯಲ್ಲಿ ಸದ್ಯಕ್ಕೆ ಏನೂ ಇಲ್ಲ ಅಂದರು. ಆ ಒಂದು ವಾರಕ್ಕೆ ನಾನೇ ಕಾರಣನೋ ಅಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಹೋದ ತಿಂಗಳು ಫೌಂಡ್ರಿಯ ಹಳೇ ಗೆಳೆಯನೊಬ್ಬ ಬಂದ. ಅವನ ಹೆಂಡತಿಗೂ ರೇಡಿಯೇಷನ್ ಶುರುವಾಗಲಿದೆ. "ನಿಮ್ಮನೇಲಿ ಏನು ಹಚ್ಚಿದ್ರಿ? ಗೇಟಿನ ಹತ್ರದ ಲೋಳೆಸರ ಆಗುತ್ತಾ?" ಎಂದು ಕೇಳಿದ. "ಡಾಕ್ಟರನ್ನ ಕೇಳಪ್ಪ" ಎಂದಷ್ಟೇ ಅಂದೆ.

ಅಡುಗೆಮನೆಯಿಂದ ನನ್ನ ಹೆಂಡತಿ ಕೂಗಿದಳು. "ಅದಕ್ಕೂ ಮುಂಚೆ ಅವಳನ್ನ ಕೇಳೋಕೆ ಹೇಳಿ."