ಗಾಯರಾಣದ ಸಕ್ಕರೆ

ಗ್ರಾಮಸಭೆಯಲ್ಲಿ ದ್ಯಾಮಕ್ಕ ಎದ್ದು ನಿಂತು ಒಂದು ಪ್ರಶ್ನೆ ಕೇಳಿದಳು. ಉತ್ತರ ಕೊಡಬೇಕಾದವರು ಬಾಯಿ ತೆರೆಯುವ ಮೊದಲೇ ಆಕೆಯ ಬಾಯಿ ಮುಚ್ಚಿಸಿದವನು ನಾನು. ನೌಕರಿಯುದ್ದಕ್ಕೂ ಮಕ್ಕಳಿಗೆ ‘ಪ್ರಶ್ನೆ ಕೇಳಿರಿ, ಹೆದರಬೇಡಿರಿ’ ಎಂದು ಹೇಳುತ್ತಾ ಬಂದ ವಿಜ್ಞಾನದ ಮಾಸ್ತರ. ಅದು ತಪ್ಪೆಂದು ಇಷ್ಟು ವರ್ಷ ಹೆಂಡತಿಯ ಮುಂದೂ ಒಪ್ಪಿಕೊಳ್ಳಲಿಲ್ಲ. ಈಗ ಹೇಳುತ್ತಿದ್ದೇನೆ.

ನಮ್ಮದು ಯಲಬುರ್ಗಾ ಸೀಮೆಯ ಹಳ್ಳಿ, ಮಂಗಳೂರಿನ ಹತ್ತಿರ. ಮಂಗಳೂರು ಎಂದ ಕೂಡಲೇ ಹೊರಗಿನವರು ಮೀನು, ಸಮುದ್ರ ಎಂದು ಶುರು ಮಾಡುತ್ತಾರೆ; ನಮ್ಮ ಮಂಗಳೂರಿನಲ್ಲಿ ಕೆರೆಗೆ ನೀರು ಬಂದರೇ ದೊಡ್ಡ ಸುದ್ದಿ. ಇಂಥ ಕಡೆ ಇದ್ದುಕೊಂಡು ನಾನು ಚಿಕ್ಕಂದಿನಿಂದ ಆಕಾಶದ ಹುಚ್ಚು ಹಚ್ಚಿಕೊಂಡವನು. ಬಾಹ್ಯಾಕಾಶದ ಕೆಲಸಕ್ಕೆ ಖಾಸಗಿಯವರೂ ಬರಬಹುದು, ಅವರಿಗೆ ಜಾಗ ಕೊಡುತ್ತೇವೆ, ರಿಯಾಯಿತಿ ಕೊಡುತ್ತೇವೆ ಎಂದು ಸರ್ಕಾರ ನೀತಿ ಮಾಡಿದಾಗ ಊರಲ್ಲಿ ಅದನ್ನು ಓದಿ ಕುಣಿದವನು ನಾನೊಬ್ಬನೇ. ಚಹಾದಂಗಡಿಯಲ್ಲಿ ಕೂತವರಿಗೆಲ್ಲ ವಿವರಿಸಿದೆ — ಸರ್ಕಾರಿ ಬಸ್ಸಿನ ಜತೆ ಖಾಸಗಿ ಬಸ್ಸೂ ಓಡುವುದಿಲ್ಲವೇ, ಹಾಗೆಯೇ ಇನ್ನು ಮುಂದೆ ರಾಕೆಟ್ಟೂ. “ಗಂಗಾವತಿಗೂ ಒಂದು ಬಿಡಸ್ರಿ ಮಾಸ್ತರ, ಬಸ್ಸಿನ್ಯಾಗ ಸೀಟು ಸಿಗವಲ್ದು” ಎಂದು ನಕ್ಕರು. ನಾನೂ ನಕ್ಕೆ.

ಆಮೇಲೆ ನಿಜವಾಗಿಯೂ ಒಂದು ಕಂಪನಿ ಬಂತು. ರಾಕೆಟ್ಟಿನ ಎಂಜಿನ್ನನ್ನು ನೆಲಕ್ಕೆ ಬಿಗಿದು ಉರಿಸಿ ನೋಡಲು ಅವರಿಗೆ ಒಂದು ಕಟ್ಟೆ ಬೇಕಿತ್ತು. ಸುತ್ತ ಮನೆಗಳಿಲ್ಲದ ಗಟ್ಟಿ ನೆಲ ಬೇಕಿತ್ತು. ಅವರ ಕಣ್ಣು ಬಿದ್ದದ್ದು ನಮ್ಮ ಗಾಯರಾಣದ ಮೇಲೆ, ಅಂದರೆ ಊರಿನ ದನ ಕುರಿ ಮೇಯಲು ಹಿಂದಿನಿಂದ ಬಿಟ್ಟ ಸರ್ಕಾರಿ ಭೂಮಿಯ ಮೇಲೆ. ನೋಡಲು ಬರೀ ಕಲ್ಲು, ಜಾಲಿ. ಆದರೆ ಅದರ ಅಂಚಿಗೇ ದ್ಯಾಮಕ್ಕನ ಕುರಿ ಹಟ್ಟಿ. ಗಂಡ ತೀರಿಕೊಂಡ ಮೇಲೆ ಹಿಂಡನ್ನು ಒಬ್ಬಳೇ ಸಾಕಿ ಬೆಳೆಸಿದವಳು. ಆಕೆಯ ಬದುಕೆಲ್ಲ ಅಲ್ಲಿಯೇ ಇತ್ತು.

ಕಂಪನಿಯವರು ಜಾಗ ನೋಡಲು ಬಂದ ದಿನವೇ ನಮ್ಮ ದೇಶದ ಒಂದು ಖಾಸಗಿ ರಾಕೆಟ್ ಹಾರುವುದಿತ್ತು. ಸಾಲೆಯ ಟಿವಿಯನ್ನು ಹನುಮಪ್ಪನ ಗುಡಿಯ ಕಟ್ಟೆಗೆ ತಂದಿಟ್ಟು ಊರನ್ನೆಲ್ಲ ಕೂಡಿಸಿದೆ. ರಾಕೆಟ್ ಹಾರಿತು. ನನಗೆ ಕಣ್ಣಲ್ಲಿ ನೀರು ಬಂದವು — ಅದು ಸುಳ್ಳಲ್ಲ. ಅಂಗಡಿಯಿಂದ ಸಕ್ಕರೆ ತರಿಸಿ, ಮೊದಲ ಚಿಟಿಕೆ ನಾನೇ ಬಾಯಿಗೆ ಹಾಕಿಕೊಂಡು, ಎಲ್ಲರಿಗೂ ಹಂಚಿದೆ. ಕಂಪನಿಯ ಎಂಜಿನಿಯರು ತಿಂದ. ದ್ಯಾಮಕ್ಕನೂ ಅಂಗೈ ಒಡ್ಡಿ ತಿಂದಳು. ಸಂತೋಷಕ್ಕೆ ತಿಂದ ಸಕ್ಕರೆ, ಅಷ್ಟೇ.

ನಮ್ಮ ಕಡೆಯ ಪದ್ಧತಿ ಗೊತ್ತಿಲ್ಲದವರಿಗೆ ಇಲ್ಲೊಂದು ಮಾತು ಹೇಳಬೇಕು. ಹೆಣ್ಣು ಗೊತ್ತು ಮಾಡುವಾಗ ಎರಡೂ ಕಡೆಯವರು ಹಿರಿಯರೆದುರು ಸಕ್ಕರೆ ತಿಂದರೆಂದರೆ ಮಾತು ಮುಗಿಯಿತು. ಕಾಗದವಿಲ್ಲ, ಸಹಿಯಿಲ್ಲ. ಆಮೇಲೆ ಯಾರೂ ತಕರಾರು ತೆಗೆಯುವುದಿಲ್ಲ. ತೆಗೆದರೆ ಸಕ್ಕರೆ ತಿಂದು ತಿರುಗಿಬಿದ್ದವರು ಎಂಬ ಹೆಸರು ಮಕ್ಕಳ ಕಾಲಕ್ಕೂ ಹೋಗುವುದಿಲ್ಲ.

ಕೆಲವು ವಾರಗಳ ನಂತರ, ಗಾಯರಾಣ ಕೊಡಲು ಊರಿನ ಒಪ್ಪಿಗೆ ಕೇಳಲು ಗ್ರಾಮಸಭೆ ಕರೆದರು. ಮೇಲಿನ ಅಧಿಕಾರಿಗಳು ಬಂದಿದ್ದರು. ವೇದಿಕೆಯ ಮೇಲೆ ನನಗೂ ಒಂದು ಕುರ್ಚಿ. ಎಲ್ಲ ಸುಸೂತ್ರವಾಗಿ ನಡೆದಿತ್ತು. ಆಗ ದ್ಯಾಮಕ್ಕ ಎದ್ದಳು.

“ಸಾಹೇಬರ, ಅದಕ್ಕ ಬೆಂಕಿ ಹಚ್ಚಿದಾಗ ಎಷ್ಟು ಸಪ್ಪಳ ಬರ್ತೈತ್ರಿ? ಮಗ್ಗಲದಾಗ ನನ್ನ ಗಬ್ಬದ ಕುರಿ ಇರ್ತಾವ. ಅವಕ್ಕ ಏನಾಗ್ತೈತಿ, ಅದಷ್ಟು ಹೇಳ್ರಿ.”

ಒಳ್ಳೆಯ ಪ್ರಶ್ನೆ. ನನ್ನ ತರಗತಿಯಲ್ಲಿ ಯಾರಾದರೂ ಕೇಳಿದ್ದರೆ ಬೆನ್ನು ತಟ್ಟುತ್ತಿದ್ದೆ. ಆದರೆ ಅಧಿಕಾರಿ ಗಡಿಯಾರ ನೋಡಿದರು. ಮಾತು ತಿಳಿಯದ ಎಂಜಿನಿಯರು ಅವರಿವರ ಮುಖ ನೋಡಿದ. ಹಿಂದೆ ಕೂತವರಲ್ಲಿ ಗುಸುಗುಸು ಎದ್ದಿತು. ಒಬ್ಬಳು ಕೇಳಿದರೆ ಹತ್ತು ಜನ ಕೇಳುತ್ತಾರೆ, ಕಂಪನಿ ಬೇರೆ ಜಿಲ್ಲೆಗೆ ಹೋಗುತ್ತದೆ, ನನ್ನ ಆಕಾಶ ನನ್ನ ಊರಿಗೆ ಬಂದು ಹಾಗೇ ತಿರುಗಿ ಹೋಗುತ್ತದೆ — ಹೀಗೆ ಏನೇನೋ… ನಾನು ನಕ್ಕು, ಎಲ್ಲರಿಗೂ ಕೇಳುವಂತೆ ಹೇಳಿದೆ:

“ದ್ಯಾಮಕ್ಕ, ಸಕ್ಕರಿ ತಿಂದ ಮ್ಯಾಲೆ ಮತ್ತೇನು ಮಾತು? ಕಂಪನಿಯವರ ಮುಂದನ ತಿಂದಿಯಲ್ಲ!”

ಸಭೆ ನಕ್ಕಿತು. ಆಕೆ ನಗಲಿಲ್ಲ. ನನ್ನನ್ನೇ ಒಂದು ಸಲ ನೋಡಿ, ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಕುಳಿತುಬಿಟ್ಟಳು. ಆಮೇಲೆ ಮತ್ತಾರೂ ಏಳಲಿಲ್ಲ. ಎಲ್ಲರೂ ಆ ಸಕ್ಕರೆ ತಿಂದವರೇ. ಮರುದಿನದ ಪೇಪರಿನಲ್ಲಿ ಗ್ರಾಮಸ್ಥರ ಒಕ್ಕೊರಲ ಬೆಂಬಲ ಎಂದು ಬಂತು, ಜೊತೆಗೆ ಕೈಮುಗಿದು ನಿಂತ ನನ್ನ ಫೋಟೋ. ಅದನ್ನು ಕತ್ತರಿಸಿ ಕಪಾಟಿನ ಗಾಜಿಗೆ ಅಂಟಿಸಿದ್ದೆ. ನಾಚಿಕೆ ಎಂಬುದು ಆಗ ಹತ್ತಿರವೂ ಸುಳಿಯಲಿಲ್ಲ.

ಮೊದಲ ಸಲ ಎಂಜಿನ್ ಉರಿಸಿದ ಮುಂಜಾನೆ ನಾನು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ದೂರದಿಂದ ತೋರಿಸುತ್ತಿದ್ದೆ. ನೆಲ ನಡುಗಿತು. ಮಕ್ಕಳು ಕೇಕೆ ಹಾಕಿದರು, ನಾನೂ ಹಾಕಿದೆ. ಅದೇ ಹೊತ್ತಿಗೆ ಹಟ್ಟಿಯಲ್ಲಿ ಕುರಿಗಳು ಬೆದರಿ, ಬೇಲಿಗೆ ನುಗ್ಗಿ, ಒಂದರ ಮೇಲೊಂದು ಬಿದ್ದವು. ಗಬ್ಬದವು ಬಹಳಷ್ಟು ಕಂದು ಹಾಕಿದವು. ಸಂಜೆ ನಾನು ಹೋದಾಗ ದ್ಯಾಮಕ್ಕ ದಿನ ತುಂಬದ ಮರಿಗಳನ್ನು ಹಳೆಯ ಕಂಬಳಿಯಲ್ಲಿ ಸುತ್ತಿಡುತ್ತಿದ್ದಳು. ನನ್ನ ಕಡೆ ತಿರುಗಿ “ಬರ್ರಿ ಮಾಸ್ತರ” ಎಂದಳು.

ಎಂಜಿನಿಯರು ಹುಡುಗನೂ ಓಡಿಬಂದಿದ್ದ. ಕೆಟ್ಟವನಲ್ಲ ಅವನು, ಮರಿಗಳ ಪಕ್ಕ ಮೊಣಕಾಲೂರಿ ಕೂತ. “ಸಭೆಯಲ್ಲಿ ಈ ಮಾತು ಬಂದಿದ್ದರೆ ಷರತ್ತಿನಲ್ಲೇ ಸೇರಿಸುತ್ತಿದ್ದರು ಸರ್. ಉರಿಸುವ ಮುಂಚೆ ತಿಳಿಸಬೇಕು, ಹಟ್ಟಿಗೆ ಬೇರೆ ಜಾಗ ಮಾಡಿಕೊಡಬೇಕು ಎಂದು. ಯಾರೂ ಕೇಳಲೇ ಇಲ್ಲವಲ್ಲ” ಎಂದ. ನಮ್ಮ ಕಡೆಯ ಆಡುಮಾತು ಅವನಿಗೆ ಅಷ್ಟಕ್ಕಷ್ಟೇ; ಅಂದು ದ್ಯಾಮಕ್ಕ ಕೇಳಿದ್ದು ಅವನಿಗೆ ತಿಳಿದಿರಲಿಲ್ಲ. ಕೇಳಿದ್ದಳು, ನಾನೇ ಬಾಯಿ ಮುಚ್ಚಿಸಿ ಕೂರಿಸಿದೆ ಎಂದು ಆಗಲೇ ಹೇಳಬಹುದಿತ್ತು. ದ್ಯಾಮಕ್ಕ ಪಕ್ಕದಲ್ಲೇ ಇದ್ದಳು. ನಾನು ಕನ್ನಡಕ ಒರೆಸುತ್ತಾ ನಿಂತೆ.

ಆ ವರ್ಷ ಆಕೆ ಉಳಿದ ಹಿಂಡಿನಲ್ಲಿ ಅರ್ಧ ಮಾರಿದಳು. ಮಿಕ್ಕವನ್ನು ಮೇಯಿಸಲು ಹೊಡೆದುಕೊಂಡು ದೂರದ ಅಳವಂಡಿಯ ಕಡೆ ಹೋಗುತ್ತಾಳೆ, ಮೊಣಕಾಲು ನೋವು ಕಟ್ಟಿಕೊಂಡು. ರಾಕೆಟ್ಟಿನ ಮೇಲೆ ನನಗೆ ಈಗಲೂ ಸಿಟ್ಟಿಲ್ಲ. ಸರ್ಕಾರ ಬಾಗಿಲು ತೆರೆದದ್ದು ತಪ್ಪೆಂದೂ ನಾನು ಹೇಳುವುದಿಲ್ಲ. ಆದರೆ ಅದಕ್ಕೆ ನಮ್ಮೂರ ಬೆಂಬಲವೆಂದು ಪೇಪರಿನಲ್ಲಿ ಬಂದದ್ದು — ಅದು ಬೆಂಬಲವಾಗಿರಲಿಲ್ಲ. ಮಾತಿಗೆ ಮರ್ಯಾದೆ ಕೊಡುವವರ ಮರ್ಯಾದೆಯನ್ನು ನಾನು ಕದ್ದಿದ್ದೆ.

ಈಗ ಕಂಪನಿ ಎರಡನೆಯ ಕಟ್ಟೆಗೆ ಉಳಿದ ಗಾಯರಾಣವನ್ನೂ ಕೇಳಿದೆ. ಮತ್ತೆ ಸಭೆ ಇದೆ. ನಿನ್ನೆ ದ್ಯಾಮಕ್ಕನ ಮನೆಗೆ ಹೋದೆ. ಉಣ್ಣೆ ನೂಲುತ್ತಾ ಕೂತಿದ್ದಳು. ಆ ಸಕ್ಕರೆ ಒಪ್ಪಿಗೆಯದಾಗಿರಲಿಲ್ಲ, ನಿನ್ನನ್ನು ಸುಮ್ಮನೆ ಕೂರಿಸಲು ನಾನು ಸುಳ್ಳು ಹೇಳಿದೆ, ಈ ಸಲ ಸಭೆಯಲ್ಲಿ ಎಲ್ಲರೆದುರು ಹಾಗೆಂದು ಹೇಳುತ್ತೇನೆ ಎಂದೆ.

ಆಕೆ ನೂಲುವುದನ್ನು ನಿಲ್ಲಿಸಲಿಲ್ಲ. “ಗೊತ್ತಿತ್ರಿ ಮಾಸ್ತರ. ಆದ್ರೂ ತಿಂದೀನಿ ಅಂತ ಸುಮ್ಮನ ಕುಂತೆ. ನಾ ಒಬ್ಬಾಕಿನ ತಿಂದಿದ್ದಿಲ್ಲಲ್ರಿ, ಮೊದಲ ನೀವ ಬಾಯಾಗ ಹಾಕ್ಕೊಂಡ್ರಿ. ನಾ ನನ್ನ ಮಾತು ನಡಸಿದೆ. ಸಕ್ಕರಿ ತಿಂದು ನೀವು ಕೊಟ್ಟ ಮಾತು ಯಾವುದಿತ್ರಿ?”

ಏಳುವಾಗ, ಸಭೆಗೆ ಬರುತ್ತೀಯಾ ಅಕ್ಕ ಎಂದು ಕೇಳಿದೆ.

“ಬರ್ತೀನ್ರಿ” ಎಂದಳು. “ಆದ್ರ ಆವತ್ತು ಏನೂ ಹಂಚಬ್ಯಾಡ್ರಿ.”