ಹಲ್ಲಿಗೆ ಹಿಡಿಯುವ ಬ್ಯಾಟರಿ

ಅಂಗಡಿ ಮಾವನ ಮೇಲ್ದವಡೆಯ ಎರಡು ಮುಂದಿನ ಹಲ್ಲುಗಳ ತುದಿ ಸವೆದು ಒಳಕ್ಕೆ ಬಾಗಿದಂತೆ ಕಾಣುತ್ತಿತ್ತು. ದಿನವಿಡೀ ದಾರ ಕಡಿಯುವ ದರ್ಜಿಗಳ ಹಲ್ಲು ಹಾಗಾಗುವುದನ್ನು ನೋಡಿದ್ದೇನೆ. ಮಾವ ದರ್ಜಿಯಲ್ಲ. ಅವು ಬ್ಯಾಟರಿ ಕಚ್ಚಿ ಹಿಡಿದು ಸವೆದ ಹಲ್ಲುಗಳು. ಟಾರ್ಚಿಗೆ ನಮ್ಮ ಸೀಮೆಯಲ್ಲಿ ಬ್ಯಾಟರಿ ಎಂದೇ ಹೆಸರು. ನಾನೂ ಹಾಗೇ ಬರೆಯುತ್ತೇನೆ.

ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ಅವರ ಅಂಗಡಿ. ಮುಂದೆ ಒಬ್ಬರು ಕೂಡುವಷ್ಟು ಅಗಲ, ಹಿಂದಕ್ಕೆ ಸುರಂಗದಂತೆ ಉದ್ದ. ಮೊಳೆ, ಹಗ್ಗ, ಕಂದೀಲಿನ ಗಾಜು, ಬತ್ತಿ, ಎತ್ತಿನ ಗೆಜ್ಜೆ ಎಲ್ಲ ಇರುವುದು ಒಳಗಿನ ಕಿಟಕಿಯಿಲ್ಲದ ಕೋಣೆಯಲ್ಲಿ. ಗಿರಾಕಿ ಏನು ಕೇಳಿದರೂ ಮಾವ ಬ್ಯಾಟರಿಯನ್ನು ಹಲ್ಲಿಗೆ ಕಚ್ಚಿ ಆ ಕತ್ತಲೆಗೆ ನುಗ್ಗುತ್ತಿದ್ದರು. ಎರಡೂ ಕೈಯಿಂದ ಹುಡುಕುತ್ತ, ಬ್ಯಾಟರಿ ಬಾಯಲ್ಲಿದ್ದಂತೆಯೇ ಮಾತೂ ಆಡುತ್ತಿದ್ದರು. ಏನು ಹೇಳಿದರೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ಹೊರಗೆ ಕುಳಿತವರಿಗೆ ಕಾಣುತ್ತಿದ್ದುದು ಇಷ್ಟೆ: ಮುಖವಿಲ್ಲದ ಒಂದು ಬೆಳಕು, ಆಳೆತ್ತರದಲ್ಲಿ, ಅತ್ತಿಂದಿತ್ತ ತಿರುಗುವುದು. ಆ ನೋಟವನ್ನು ನಾನು ಇನ್ನೊಮ್ಮೆ, ಬೇರೆ ಕಡೆ ನೋಡಬೇಕಾಗಿ ಬಂತು.

ನಮ್ಮದು ಪಾಪಿನಾಯಕನಹಳ್ಳಿ. ಮಾವನೂ ಹುಟ್ಟಿದ್ದು ಅಲ್ಲೇ, ನಮ್ಮ ಓಣಿಯಲ್ಲೇ. ರಕ್ತಸಂಬಂಧವೇನೂ ಇಲ್ಲ, ಅಮ್ಮ ಅವರನ್ನು ಅಣ್ಣಾ ಎನ್ನುತ್ತಿದ್ದಳು, ಆದ್ದರಿಂದ ನಮಗೆ ಮಾವ. ಊರಿನ ಶಾಲೆ ಮುಗಿದಾಗ ಅಪ್ಪ ನನ್ನನ್ನು ಎತ್ತಿನ ಹಿಂದೆ ಕಳಿಸುವವನಿದ್ದ. ಮಾವ ಬಂದು, ಈ ಹುಡುಗನ ಕೈಗೆ ಬಾರುಕೋಲು ಒಪ್ಪುವುದಿಲ್ಲ ಎಂದು ಹೇಳಿ, ಹೈಸ್ಕೂಲಿಗೆ ಹಾಕಲು ತಮ್ಮ ಮನೆಗೇ ಕರೆದುಕೊಂಡು ಹೋದರು. ನಮ್ಮ ಮನೆತನದಲ್ಲಿ ಹೆಬ್ಬೆಟ್ಟು ಒತ್ತದೆ ಹೆಸರು ಬರೆದವನು ನಾನೇ ಮೊದಲು, ಬಿ.ಎ. ಮುಗಿಸಿದವನೂ ನಾನೇ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಅದು ಮಾವನ ಮನೆಯ ರೊಟ್ಟಿ ತಿಂದು ಓದಿದ ಓದು. ಪ್ರತಿ ವರ್ಷ ನಮ್ಮದೊಂದು ಕಾಳಿನ ಹಗೇವು ತೆರೆದ ದಿನ ಅವರ ಮನೆಗೆ ಒಂದು ಗಾಡಿ ಜೋಳ ಹೋಗುತ್ತಿತ್ತು. ಅದನ್ನು ಒಯ್ಯಲು ಮಾವ ತಾವೇ ಊರಿಗೆ ಬರುತ್ತಿದ್ದರು.

ಆರಿಹೋಗುವ ದೀಪ ಎಂದರೆ ಮಾವನಿಗೆ ಆಗುತ್ತಿರಲಿಲ್ಲ. ಅದರ ಕಾರಣವನ್ನು ಅವರು ಒಂದೇ ಸಲ ಹೇಳಿದ್ದರು, ಅದೂ ಬೆನ್ನು ತಿರುಗಿಸಿಕೊಂಡು ಹಗ್ಗ ಸುತ್ತುತ್ತ. ಮದುವೆಯಾದ ಹೊಸದರಲ್ಲಿ ಅವರ ಹೆಂಡತಿ ಮುಸ್ಸಂಜೆ ಚಿಮಣಿ ದೀಪ ಹಿಡಿದು ಹಿತ್ತಿಲಿಗೆ ಹೋದರಂತೆ. ಗಾಳಿಗೆ ದೀಪ ಆರಿತು. ಎರಡು ಹೆಜ್ಜೆ ಕತ್ತಲಲ್ಲಿ ಇಟ್ಟರು. ಹಾವು ಅಲ್ಲೇ ಇತ್ತು. ಆಮೇಲೆ ಮಾವ ಮದುವೆಯಾಗಲಿಲ್ಲ. ಮೊದಲ ಬ್ಯಾಟರಿಗಳು ಊರಿಗೆ ಬಂದಾಗ ಉಳಿದ ಅಂಗಡಿಯವರು ಶೋಕಿ ಸಾಮಾನೆಂದು ನಕ್ಕರು. ಇವರು ಮದರಾಸಿನಿಂದ ತರಿಸಿ ಗಾಜಿನ ಕಪಾಟಿನಲ್ಲಿಟ್ಟರು.

ಇಟ್ಟರು ಅಂದಮಾತ್ರಕ್ಕೆ ಸುಮ್ಮನೆ ಮಾರುತ್ತಿರಲಿಲ್ಲ. ಪೆಟ್ಟಿಗೆಯಿಂದ ತೆಗೆದ ಪ್ರತಿಯೊಂದನ್ನೂ ಮೊಣಕಾಲೆತ್ತರದಿಂದ ಕಡಪ ಕಲ್ಲಿನ ಮೇಲೆ ಬೀಳಿಸುವರು. ಒದ್ದೆ ಹೆಬ್ಬೆರಳಿನಿಂದ ಗುಂಡಿ ಒತ್ತುವರು. ಹಿಂದಿನ ಮುಚ್ಚಳ ಬಿಚ್ಚಿ ಸ್ಪ್ರಿಂಗಿನ ವಾಸನೆ ನೋಡುವರು. ಕಿಲುಬಿನ ಸುಳಿವಿದ್ದರೆ ಪಕ್ಕಕ್ಕೆ. ಕಡೆಗೆ ಹಲ್ಲಿಗೆ ಹಿಡಿಯುವರು. ಕಚ್ಚಿ ಹಿಡಿಯಲು ಬಾರದಷ್ಟು ದಪ್ಪಗಿದ್ದರೆ ಅದು ಎಷ್ಟು ದೂರ ಬೆಳಕು ಚೆಲ್ಲಿದರೂ ಅವರ ಲೆಕ್ಕಕ್ಕೆ ಬಾರದು. ಹೊತ್ತಲ್ಲದ ಹೊತ್ತಿನಲ್ಲಿ ದೀಪ ಬೇಕಾಗುವುದು ಎರಡೂ ಕೈಗೆ ಕೆಲಸವಿರುವವನಿಗೆ ಎನ್ನುವುದು ಅವರ ವಾದ.

ಒಮ್ಮೆ ಕಂಪ್ಲಿಯ ಜಮೀನುದಾರರೊಬ್ಬರು ಬಂದರು. ಅಳಿಯನಿಗೆ ಕೊಡಲು ಬ್ಯಾಟರಿ ಬೇಕಿತ್ತು. ಕಪಾಟಿನಲ್ಲಿದ್ದ ಮೊಳದುದ್ದದ, ಬೆಳ್ಳಿಯಂತೆ ಹೊಳೆಯುವ, ಮೂತಿ ತಿರುವಿದರೆ ಬೆಳಕು ಹಿಗ್ಗಿ ಕುಗ್ಗುವ ಒಂದಕ್ಕೆ ಅವರು ಆಗಲೇ ಮನಸೋತಿದ್ದರು. ಮಾವ ಅದನ್ನು ಮುಟ್ಟದೆ ಕೇಳಿದರು:

“ಬೀಗರಿಗೆ ತೋರಸಾಕ ಬೇಕಾಗೇತೋ ಸಾಹುಕಾರ್ರ, ಹಾದಿ ನೋಡಾಕ ಬೇಕಾಗೇತೋ?”

ಅವರು ಎರಡಕ್ಕೂ ಎಂದರು. ಮಾವ ಕೊಟ್ಟು ಕಳಿಸಿದರು. ತಿರುವುವ ಮೂತಿ ಮೊದಲ ಮಳೆಗೇ ನೀರು ಕುಡಿಯಿತಂತೆ. ಜಮೀನುದಾರರು ಮರಳಿ ಬಂದಾಗ ಮಾವ ಸವೆದ ಎರಡು ಹಲ್ಲು ಕಾಣುವಂತೆ ನಕ್ಕು ಸಣ್ಣದೊಂದನ್ನು ಮುಂದಿಟ್ಟರು.

ನಾನು ಅನಂತಪುರದ ಕಾಲೇಜಿಗೆ ಹೊರಟಾಗ ನನಗಾಗಿ ಒಂದನ್ನು ಆಯುವುದಕ್ಕೆ ಅವರಿಗೆ ಒಂದು ಇಡೀ ಮಧ್ಯಾಹ್ನ ಬೇಕಾಯಿತು. ನನ್ನ ಪೆಟ್ಟಿಗೆ ಹೊತ್ತುಕೊಂಡು ಊರಿನಿಂದ ಅಣ್ಣ ಬಂದಿದ್ದ. ಅವನಿಗೆ ಓದು ಹತ್ತಿರಲಿಲ್ಲ. ಮನೆ, ಹೊಲ, ಹಗೇವು ಎಲ್ಲ ಅವನ ಹೆಗಲ ಮೇಲೆ. ಮಾವ ಕಪಾಟನ್ನೆಲ್ಲ ಬರಿದು ಮಾಡಿ, ಬೀಳಿಸಿ, ಒದ್ದೆ ಮಾಡಿ, ಮೂಸಿ, ಕಚ್ಚಿ, ಕಡೆಗೆ ಹಿತ್ತಾಳೆಯದೊಂದನ್ನು ಎತ್ತಿಕೊಂಡರು. ಎರಡು ಸಣ್ಣ ಸೆಲ್ಲು, ಒಂದು ಗುಂಡಿ. ತಿರುವುವಂಥದು, ಬಣ್ಣದ ಗಾಜು, ಏನೂ ಇಲ್ಲ. ಅಂಗಿಯ ಜೇಬಿನಲ್ಲಿ ಕೂಡುತ್ತಿತ್ತು.

ಅಣ್ಣನಿಗೆ ಅದನ್ನು ನೋಡಿ ನಂಬಿಕೆ ಬರಲಿಲ್ಲ. ಗಾಳಿ ಬಂದರೆ ಏನು, ಮಳೆ ಬಂದರೆ ಏನು ಎಂದು ಒಂದೊಂದಾಗಿ ಕೇಳಿದ. ಆರಂಗಿಲ್ಲ, ಆರಂಗಿಲ್ಲ ಎಂದು ಮಾವ ಒಂದೊಂದಕ್ಕೂ ಹೇಳಿದರು. ಆಮೇಲೆ ಅಣ್ಣ ಕಣ್ಣು ಮಿಟುಕಿಸಿ,

“ನಮ್ಮ ಹಗೇವಿಗೆ ಇಳಿಸಿದ್ರ, ಮಾವ?” ಎಂದ.

ಅದು ತಮಾಷೆ. ಯಾಕೆ ತಮಾಷೆ ಎಂದು ಹೇಳಬೇಕು. ಹಗೇವು ಅಂದರೆ ಜೋಳ ತುಂಬಿಡಲು ನೆಲದಲ್ಲಿ ತೋಡಿದ ಕುಣಿ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟೇ, ಹೊಟ್ಟೆ ಕೋಣೆಯಷ್ಟು. ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕಾಳು ಕೆಡುವುದಿಲ್ಲ. ಆದರೆ ತೆರೆದ ಕೂಡಲೇ ಯಾರೂ ಇಳಿಯುವುದಿಲ್ಲ. ಒಳಗಿನ ಕೆಟ್ಟ ಗಾಳಿ ಹೋಗಿ ಅದು ಉಸಿರು ಬಿಡುವ ತನಕ ಕಾಯಬೇಕು. ಬಿಟ್ಟಿತೋ ಇಲ್ಲವೋ ನೋಡಲು ಮೊದಲು ಹಗ್ಗ ಕಟ್ಟಿ ಕಂದೀಲು ಇಳಿಸುತ್ತಾರೆ. ಕಂದೀಲು ಆರಿದರೆ ಹಗೇವು ದೀಪ ನುಂಗಿತು ಎನ್ನುತ್ತಾರೆ. ದೀಪ ನುಂಗುವ ಹಗೇವು ಮನುಷ್ಯನನ್ನೂ ನುಂಗುತ್ತದೆ. ಉರಿಯುತ್ತಲೇ ಇದ್ದರೆ ಇಳಿಯಬಹುದು. ನಮ್ಮೂರಿನಲ್ಲಿ ಇದು ಕೂಸುಗಳಿಗೂ ಗೊತ್ತು.

ಮಾವ ಎದೆಯುಬ್ಬಿಸಿ ಹೇಳಿದರು: “ನಿಮ್ಮ ಹಗೇವು ನುಂಗಿದ್ರೂ ಅದರ ಹೊಟ್ಟಿಯೊಳಗ ಕುಂತು ಉರೀತೈತಿ, ತಗಳಲೇ.”

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ.

ಅಮ್ಮ ಮಾತ್ರ ಆ ಬ್ಯಾಟರಿಯನ್ನು ಇಷ್ಟಪಡಲಿಲ್ಲ. ರಜೆಗೆ ಬಂದಾಗ ತೋರಿಸಿದರೆ ಗಾಜಿನ ಹತ್ತಿರ ಅಂಗೈ ಹಿಡಿದು ನೋಡಿ, ಬಿಸಿಯೇ ಇಲ್ಲವಲ್ಲ ಎಂದಳು. ಒಲೆಯ ಮುಂದೆ ತಂದರೆ ದೂರ ಇಡು ಎನ್ನುತ್ತಿದ್ದಳು. ಹೆಣದ ಕಣ್ಣು ತೆರೆದಂಗ ಐತಿ ಎಂದು ಒಮ್ಮೆ ಅಂದದ್ದಕ್ಕೆ ಅಪ್ಪ ಗದರಿದ್ದ.

ಆಗ ಯುದ್ಧದ ಕಾಲ. ಸೀಮೆಎಣ್ಣೆ ಸಿಗುವುದೇ ಕಷ್ಟವಾಗಿತ್ತು. ನಾನು ಕಡೆಯ ವರ್ಷದ ಪರೀಕ್ಷೆ ಬರೆದು ಊರಿಗೆ ಬಂದಿದ್ದೆ. ಮನೆಯ ಕಂದೀಲು ಒಣಗಿ ಗೂಟಕ್ಕೆ ತೂಗುತ್ತಿತ್ತು. ಸಂಜೆಯಾದರೆ ನನ್ನ ಬ್ಯಾಟರಿಯೇ ಮನೆಗೆಲ್ಲ ಬೆಳಕು. ಆ ವರ್ಷ ಹಗೇವು ತೆರೆಯುವ ದಿನ ಬೆಳಿಗ್ಗೆ ಆಕಾಶ ಬಿಳುಪಾಗಿತ್ತು, ಗಾಳಿಯೇ ಇರಲಿಲ್ಲ. ಬೇರೆಯವು ಬರಿದಾಗಿದ್ದವು, ಮೂರು ವರ್ಷ ಮುಚ್ಚಿದ್ದ ಹಗೇವು ಅದು. ಚಪ್ಪಡಿ ಸರಿಸಿದಾಗ ಹುಳಿ ವಾಸನೆ ಬಂತು. ಅಂಗಳದಲ್ಲಿ ಕಟ್ಟಿದ್ದ ಎತ್ತುಗಳು ಹಗ್ಗ ಜಗ್ಗಿ ಹಿಂದಕ್ಕೆ ಸರಿದವು. ಒಂದು ದಿನವಾದರೂ ಬಿಡಬೇಕು ಎಂದುಕೊಂಡು ನಾವು ಊಟಕ್ಕೆ ಕುಳಿತೆವು.

ಊಟ ಮುಗಿಯುವುದರೊಳಗೆ ಸಂಡೂರಿನ ಗುಡ್ಡಗಳ ಮೇಲೆ ಮೋಡ ಎದ್ದಿತ್ತು. ನೋಡುತ್ತಿದ್ದಂತೆ ಗುಡ್ಡ ಕಾಣದಾಯಿತು. ಬಿಸಿ ಗಾಳಿ ಧೂಳೆಬ್ಬಿಸಿಕೊಂಡು ಬಂತು. ತೆರೆದ ಹಗೇವಿಗೆ ಮಳೆನೀರು ಹೊಕ್ಕರೆ ಮನೆಯ ವರ್ಷದ ಕೂಳು ಮುಗಿಯಿತು. ಮತ್ತೆ ಮುಚ್ಚಿಬಿಡೋಣವೆಂದರೆ ಹಸಿ ಮಣ್ಣು ಆ ಮಳೆಗೆ ನಿಲ್ಲುವಂತಿರಲಿಲ್ಲ. ಬಾಯಿಯ ನೇರ ಕೆಳಗಿನ ಕಾಳನ್ನಾದರೂ ತೆಗೆದುಬಿಡಬೇಕು ಎಂದು ಅಣ್ಣ ಪಂಚೆ ಎತ್ತಿ ಕಟ್ಟಿದ. ಅಮ್ಮ ಹರಳೆಣ್ಣೆಯ ಹಣತೆ ತಂದಳು, ಇದನ್ನು ಇಳಿಸಿ ನೋಡು ಎಂದಳು. ಅದು ಹಗೇವಿನ ಬಾಯಿ ಮುಟ್ಟುವ ಮೊದಲೇ ಗಾಳಿಗೆ ಆರಿತು. ಮತ್ತೆ ಹಚ್ಚಿದಳು, ಮತ್ತೆ ಆರಿತು.

“ಗಾಳಿ ಆರಿಸ್ತೋ ಹಗೇವು ನುಂಗ್ತೋ, ಹೆಂಗ ತಿಳೀಬೇಕವ್ವ ಇದರಾಗ?” ಎಂದ ಅಣ್ಣ. “ಬ್ಯಾಟರಿ ತಾ. ಅದಕ್ಕ ಗಾಳಿ ಕಾಟ ಇಲ್ಲ.”

ಮಾತು ಸರಿಯಾಗಿಯೇ ಕೇಳಿಸಿತು. ಅಪ್ಪ ತಲೆಯಾಡಿಸಿದ. ಪಕ್ಕದ ಮನೆಯವರೂ ಇದ್ದರು, ಯಾರೂ ಬೇಡ ಎನ್ನಲಿಲ್ಲ. ಬ್ಯಾಟರಿ ಹಚ್ಚಿ, ಹಗ್ಗಕ್ಕೆ ಕಟ್ಟಿ, ಹಿರಿಯರು ಕಂದೀಲು ಇಳಿಸುತ್ತಿದ್ದ ಹಾಗೆಯೇ ನಿಧಾನವಾಗಿ ಇಳಿಸಿದೆವು. ಅವರು ಕಾಯುತ್ತಿದ್ದಷ್ಟೇ ಹೊತ್ತು ಕಾದೆವು. ಎಲ್ಲರೂ ಬಗ್ಗಿ ನೋಡಿದೆವು. ಕೆಳಗೆ ಜೋಳದ ಮೇಲೆ ಅದು ಬೆಳ್ಳಗೆ, ಒಂದಿಷ್ಟೂ ನಡುಗದೆ ಉರಿಯುತ್ತಿತ್ತು. ಅಣ್ಣ ಇಳಿದ.

ಬ್ಯಾಟರಿಯನ್ನು ಬಿಚ್ಚಿ ಕಾಳಿನ ಮೇಲಿಟ್ಟ, ಅದೇ ಹಗ್ಗದಲ್ಲಿ ಒಂದು ಬುಟ್ಟಿ ಮೇಲೆ ಬಂತು. ಎರಡನೆಯದಕ್ಕೆ ಹಗ್ಗ ಇಳಿಸಿದರೆ ಕೆಳಗಿನಿಂದ ಸದ್ದಿಲ್ಲ. ಅಪ್ಪ ಕೂಗಿದ. ಅಣ್ಣ ಗೋಡೆಗೆ ಒರಗಿ ಕುಳಿತಿದ್ದ, ನಿದ್ದೆ ಬಂದವನ ಹಾಗೆ.

ಮಾವ ಅಂಗಳಕ್ಕೆ ಕಾಲಿಟ್ಟದ್ದು ಆಗಲೇ. ತಮ್ಮ ಪಾಲಿನ ಜೋಳಕ್ಕೆಂದು ಹೊಸಪೇಟೆಯಿಂದ ಗಾಡಿ ಕಟ್ಟಿಸಿಕೊಂಡು ಬಂದಿದ್ದರು. ನಮ್ಮ ಮುಖ ನೋಡಿದ ಕೂಡಲೇ ಅವರು ಕೇಳಿದ್ದು ಒಂದೇ ಮಾತು: ಕಂದೀಲು ಇಳಿಸಿದ್ದಿರೇನು?

“ಎಣ್ಣಿ ಇರಲಿಲ್ಲ,” ಎಂದ ಅಪ್ಪ. “ನಿಮ್ಮ ಬ್ಯಾಟರಿನೇ ಇಳಿಸಿದ್ವಿ. ಆರಲಿಲ್ಲ.”

ಮಾವ ಹಗೇವಿನ ಬಾಯಿಗೆ ಬಗ್ಗಿ ಆ ಬೆಳಕನ್ನು ನೋಡಿದರು. ಅವರ ದನಿ ಏರಲಿಲ್ಲ.

“ಅದು ಆರಂಗಿಲ್ಲಪ್ಪ,” ಎಂದರು. “ಅದು ಆರಂಗಿಲ್ಲ.”

ಆಮೇಲೆ ಎಲ್ಲ ಬೇಗ ನಡೆಯಿತು. ಇದ್ದದ್ದು ಒಂದೇ ಹಗ್ಗ. ಬಾವಿಯ ಹಗ್ಗ ತರಲು ಯಾರೋ ಓಡಿದರು. ಮಾವ ಕಾಯಲಿಲ್ಲ. ಹಗ್ಗವನ್ನು ತಮ್ಮ ನಡುವಿಗೆ ಬಿಗಿದುಕೊಂಡು, ನಾನು ಮುಂದೆ ಹೋದದ್ದಕ್ಕೆ ನನ್ನ ಎದೆಯ ಮೇಲೆ ಕೈಯಿಟ್ಟು ಹಿಂದಕ್ಕೆ ತಳ್ಳಿ, “ನೀ ಹಿಡಿ,” ಎಂದರು. ಒಂದು ಸಲ ದೀರ್ಘವಾಗಿ ಉಸಿರೆಳೆದು ತುಟಿ ಬಿಗಿದು ಇಳಿದರು.

ಮೇಲಿನಿಂದ ನನಗೆ ಕಂಡದ್ದು ಬೆಳಕು ಮಾತ್ರ. ನೆಲದಲ್ಲಿ ಬಿದ್ದಿದ್ದ ಬೆಳಕು ಮೇಲೆದ್ದು ಆಳೆತ್ತರದಲ್ಲಿ ನಿಂತಿತು. ಬ್ಯಾಟರಿಯನ್ನು ಹಲ್ಲಿಗೆ ಕಚ್ಚಿದ್ದರು. ಬೆಳಕಿನ ವೃತ್ತದೊಳಗೆ ಎರಡು ಕೈಗಳು ಸೊಂಟದ ಗಂಟು ಬಿಚ್ಚಿದವು, ಅಣ್ಣನ ಕಂಕುಳ ಕೆಳಗೆ ಹಗ್ಗ ಸುತ್ತಿದವು, ಬಿಗಿದವು. ಅವಸರವೇ ಇಲ್ಲದ ಕೈಗಳು. ಅಂಗಡಿಯ ಒಳಕೋಣೆಯಲ್ಲಿ ಮೊಳೆ ಹುಡುಕುವಾಗ ಹೇಗೋ ಹಾಗೆ. ಹಗ್ಗ ಎರಡು ಸಲ ಜಗ್ಗಿತು. ನಾವು ಎಳೆದೆವು. ಅಣ್ಣ ಮೇಲೆ ಬಂದ.

ಹಗ್ಗ ಬಿಚ್ಚಿ ಮತ್ತೆ ಇಳಿಸಿದಾಗ ಬೆಳಕು ಅಲ್ಲೇ, ಅದೇ ಎತ್ತರದಲ್ಲಿ ಇತ್ತು. ಹಗ್ಗದ ತುದಿಯ ಕಡೆ ತಿರುಗಿತು ಕೂಡ. ಆಮೇಲೆ ಗೋಡೆಯ ಕಡೆ ವಾಲಿತು. ಆಮೇಲೆ ಕೆಳಗಿಳಿಯಿತು.

ಬಾವಿಯ ಹಗ್ಗ ಬಂದಾಗ ನಾನು ಇಳಿಯುತ್ತೇನೆಂದು ಕೊಸರಾಡಿದೆ. ನಾಲ್ಕು ಜನ ಹಿಡಿದುಕೊಂಡರು. ಯಾರದೋ ಮನೆಯಿಂದ ಎಣ್ಣೆ ಸಿಕ್ಕಿ ಕಂದೀಲು ಹಚ್ಚಿ ಇಳಿಸಿದರು. ನನ್ನ ಎದೆಯಾಳಕ್ಕೆ ಇಳಿಯುವುದರೊಳಗೆ ಅದು ಸದ್ದಿಲ್ಲದೆ ಆರಿತು. ಬೇವಿನ ಕೊಂಬೆ ಕಟ್ಟಿ ಇಳಿಸಿ ಏರಿಸಿ ಗಾಳಿಯಾಡಿಸಿದರು. ಅಂಗಳದಲ್ಲಿ ಅಣ್ಣ ವಾಂತಿ ಮಾಡಿ ಕಣ್ಣು ಬಿಟ್ಟ. ಕಂದೀಲು ಕೆಳಗೆ ಉರಿದು ನಿಂತಾಗ ಸಂಜೆಯಾಗಿತ್ತು. ಮೋಡ ಹಂಪಿಯ ಕಡೆ ಸರಿದುಹೋಗಿತ್ತು. ನಮ್ಮೂರಿಗೆ ಒಂದು ಹನಿಯೂ ಬೀಳಲಿಲ್ಲ.

ಮಾವನ ಅಂಗಡಿಯನ್ನು ಅವರ ಅಣ್ಣನ ಮಕ್ಕಳು ಬಟ್ಟೆ ಅಂಗಡಿ ಮಾಡಿದರು. ನನ್ನ ಪರೀಕ್ಷೆಯ ಫಲಿತಾಂಶ ಬಂದ ದಿನ ನಾನು ಚಿತ್ತವಾಡ್ಗಿಯ ತನಕ ಹೋಗಿ, ಒಳಗೆ ಹೋಗದೆ ಮರಳಿದೆ. ಅಣ್ಣನಿಗೆ ಈಗ ಮೊಮ್ಮಕ್ಕಳಿದ್ದಾರೆ. ನನ್ನ ಓದೂ ಅವನ ಉಸಿರೂ ಮಾವನ ಒಂದೇ ಮನೆಯಿಂದ ಬಂದವು. ಅದನ್ನು ತೀರಿಸುವ ದಾರಿ ನನಗೆ ಯಾವ ಪುಸ್ತಕದಲ್ಲೂ ಸಿಕ್ಕಲಿಲ್ಲ.

ಆ ಸಂಜೆಯದು ಇನ್ನೊಂದು ಹೇಳುವುದಿದೆ. ಮಾವನನ್ನು ಮೇಲೆತ್ತಿ ಕಂಬಳಿಯ ಮೇಲೆ ಮಲಗಿಸಿದರು. ಬ್ಯಾಟರಿ ಇನ್ನೂ ಹಲ್ಲಿನಲ್ಲಿತ್ತು. ಬಿಡಿಸಲು ಅಪ್ಪನ ಕೈಯಲ್ಲಿ ಆಗಲಿಲ್ಲ. ಅಮ್ಮ ಬಂದು ತಲೆಯ ಹತ್ತಿರ ಕುಳಿತು, ಗಲ್ಲ ಹಿಡಿದು, ಅಣ್ಣಾ ಬಿಡು ಎಂದು ಮೆಲ್ಲಗೆ ಹೇಳುತ್ತ ಬಿಡಿಸಿದಳು. ಬೆಳಕು ಕೆಂಪಗಾಗಿತ್ತು, ಆದರೂ ಉರಿಯುತ್ತಿತ್ತು. ಅವಳು ಅದನ್ನು ಅಲ್ಲಿಯ ತನಕ ಒಂದು ಸಲವೂ ಕೈಯಲ್ಲಿ ಹಿಡಿದವಳಲ್ಲ. ಗುಂಡಿ ಎಲ್ಲಿದೆಯೆಂದು ಗೊತ್ತಿರಲಿಲ್ಲ. ಮುಖದ ಹತ್ತಿರ ತಂದುಕೊಂಡು, ದೇವರ ಮನೆಯ ದೀಪದ ಮುಂದೆ ಎಂದೂ ಮಾಡದ್ದನ್ನು ಮಾಡಿದಳು: ಬಾಯಿಂದ ಊದಿದಳು. ಮತ್ತೊಮ್ಮೆ ಊದಿದಳು.

ಅದು ಆರಲಿಲ್ಲ.