ಬಾಲಯೇಸುವನ್ನು ಕದ್ದವಳು

ಎದಿಕ್ಸಾ ವೆನೆಜುವೆಲಾದ ಗುಡ್ಡಗಾಡಿನವಳು. ಊರಿನ ಶಾಲೆಯಲ್ಲಿ ಅಡುಗೆ ಮಾಡಿಕೊಂಡಿದ್ದಳು. ತಿಂಗಳ ಸಂಬಳಕ್ಕೆ ಒಂದು ಡಜನ್ ಮೊಟ್ಟೆಯೂ ಬಾರದ ಕಾಲ ಬಂದಾಗ ಗಡಿ ದಾಟಿದಳು. ಕೊಲಂಬಿಯಾದಲ್ಲಿ ಅವಳು ಓಂಡಾ ಪಟ್ಟಣವನ್ನು ಆರಿಸಿಕೊಂಡವಳೇನಲ್ಲ. ಕೂತಿದ್ದ ಲಾರಿ ಅಲ್ಲಿ ಕೆಟ್ಟು ನಿಂತಿತು.

ಹಿತ್ತಿಲ ಕೋಣೆ ಕೊಟ್ಟವಳು, ಊರವರು 'ದೋನ್ಯಾ', ಅಂದರೆ ಅಮ್ಮಾವರು, ಎಂದು ಕರೆಯುವ ಗ್ರಿಸೆಲ್ದಾ. ಕನಿಕರದಿಂದಲ್ಲ, ನದಿದಂಡೆಯ ಮಾರುಕಟ್ಟೆಯಲ್ಲಿದ್ದ ಅವಳ ಊಟದಂಗಡಿಗೆ ಮೀನು ಹುರಿಯುವ ಕೈ ಬೇಕಿತ್ತು.

ಆ ವರ್ಷ ರಾಜಧಾನಿಯಿಂದ ಒಂದು ಸಂಸ್ಥೆ ಬಂದು, ಆಶ್ರಯ ಬೇಡಿದವರೂ ಕೊಟ್ಟವರೂ ಕೂಡಿ ಬಾಳುವ ಬಗೆ ಕಲಿಸಲು ಶಿಬಿರ ನಡೆಸಿತು. ವಲಸೆ ಬಂದವರನ್ನು ಯಾವ ಮಾತಿನಿಂದ ಕರೆಯಬಾರದು ಎಂಬುದನ್ನು ಊರವರು ಬಾಯಿಪಾಠ ಮಾಡಿದರು. ಮಾರುಕಟ್ಟೆಗೆ ಹೊಸ ಚಾವಣಿ ಹಾಕಿಸುತ್ತೇವೆ, ಖಾಲಿ ಇರುವ ಒಂದು ಮಳಿಗೆಯನ್ನು ವಲಸೆ ಬಂದವರಿಗೆ ಕೊಡಿ ಎಂದಿತು ಸಂಸ್ಥೆ. ವ್ಯಾಪಾರಿಗಳ ಸಂಘಕ್ಕೆ ಚಾವಣಿಯ ಮೇಲೆ ತುಂಬ ಪ್ರೀತಿಯಿದ್ದುದರಿಂದ ಒಪ್ಪಿತು. ಆದರೆ ಸಂಘದ ಕಟ್ಟಳೆಯಂತೆ, ಹೊಸಬರ ಪರವಾಗಿ ಐವರು ಹಿರಿಯ ಸದಸ್ಯರಲ್ಲಿ ಒಬ್ಬರು ಜಾಮೀನು ನಿಲ್ಲಬೇಕು. ಆ ಐವರಲ್ಲೊಬ್ಬಳಾದ ಗ್ರಿಸೆಲ್ದಾ ನಿಲ್ಲುತ್ತೇನೆಂದಳು. ಜನವರಿಯ ಒಂದು ಭಾನುವಾರ ಸಭೆ. ಮಳಿಗೆ ಸಿಕ್ಕರೆ ಎದಿಕ್ಸಾ ಈ ಊರಿನವಳು. ಇಲ್ಲವಾದರೆ ಮತ್ತೆ ಬಸ್ಸು, ಮತ್ತೆ ಇನ್ನೊಂದು ದೇಶ.

ಇಂಥ ಉಪಕಾರಕ್ಕೆ ಬರೀ ಬಾಯಿಮಾತಿನ ಕೃತಜ್ಞತೆ ಸಾಲದು ಎಂದು ಎದಿಕ್ಸಾಳಿಗೆ ಅನ್ನಿಸಿತು. ಸಭೆಗೆ ನಾಲ್ಕು ದಿನ ಮುಂಚೆ, ಮನೆಯಲ್ಲಿ ಯಾರೂ ಇಲ್ಲದಾಗ, ಗ್ರಿಸೆಲ್ದಾಳ ಕ್ರಿಸ್‌ಮಸ್ ಗೋದಲಿಯಿಂದ, ಬೊಂಬೆ ಜೋಡಿಸಿದ ಪುಟ್ಟ ದನದ ಕೊಟ್ಟಿಗೆಯಿಂದ, ಅಜ್ಜಿಯ ಕಾಲದ ಬಾಲಯೇಸುವಿನ ಬೊಂಬೆಯನ್ನು ಕದ್ದಳು. ಆಮೇಲೆ ಕೇಕು ಮಾಡಿ, ವೈನು ತಂದಿಟ್ಟು, ಬರುವವರಿಗಾಗಿ ಕಾದಳು.

ಯಾರೂ ಬರಲಿಲ್ಲ. ಬೀದಿಯೆಲ್ಲ ಗುಸುಗುಸು.

"ಯಾರು ಅಂತ ನಾನು ಹೇಳಲ್ಲಪ್ಪ, ಹೇಳ್ಬಾರ್ದು ಅಂತ ಶಿಬಿರದಲ್ಲಿ ಕಲ್ಸಿದಾರೆ," ಅಂದ ಮೀನು ಮಾರುವ ದೋನ್ ಅನಿಬಲ್, ಅವನೂ ಐವರು ಹಿರಿಯರಲ್ಲೊಬ್ಬ. "ಆದ್ರೆ ಆ ಹಿತ್ತಿಲ ಬಾಗಿಲು ಯಾಕೋ ಮುಚ್ಕೊಂಡೇ ಇರುತ್ತೆ."

"ಅದು ನನ್ನ ಮನೆ ಬಾಗಿಲು. ಅಲ್ಲಿ ನಿನ್ನ ಕಣ್ಣಿಗೇನು ಕೆಲ್ಸ?" ಅಂದಳು ಗ್ರಿಸೆಲ್ದಾ. ಅಂದವಳೇ ಮನೆಗೆ ಹೋಗಿ ಬೆಳ್ಳಿ ಚಮಚಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಅಂದಿನಿಂದ ಎದಿಕ್ಸಾಳನ್ನು 'ಮಗಳೇ' ಎಂದು ಕರೆಯುವುದನ್ನೂ ಬಿಟ್ಟಳು.

ಎದಿಕ್ಸಾಳಿಗೆ ಇದರಿಂದ ಬೇಸರವಾಗಲಿಲ್ಲ. ಅವಳ ಊರಿನಲ್ಲೂ ಕಳೆದುಕೊಂಡವರು ಹೀಗೇ ಮುಖ ಗಂಟು ಹಾಕಿಕೊಂಡು ಓಡಾಡುತ್ತಾರೆ. ಅದು ಆಟದ ಭಾಗ. ಆದರೆ ಇಷ್ಟು ಚೆನ್ನಾಗಿ ನಟಿಸುವವರನ್ನು ಅವಳು ಎಲ್ಲೂ ಕಂಡಿರಲಿಲ್ಲ.

ಭಾನುವಾರ ಸಭೆಯಲ್ಲಿ ಗ್ರಿಸೆಲ್ದಾ ಎದ್ದು ನಿಂತಳು. "ನಾನು ಜಾಮೀನು ನಿಲ್ಲಲ್ಲ. ಯಾಕೆ ಅಂತ ಕೇಳ್ಬೇಡಿ."

ಎದಿಕ್ಸಾಳಿಗೆ ಆಟ ಅತಿಯಾಯಿತು ಅನ್ನಿಸಿತು. "ದೋನ್ಯಾ, ಸಾಕು ಮಾಡಿ. ಯಾವಾಗ ಹುಡುಕಕ್ಕೆ ಬರ್ತೀರಿ? ಕೇಕು ಒಣಗ್ತಾ ಇದೆ."

"ಏನನ್ನ ಹುಡುಕೋದು?"

"ನಿಮ್ಮ ಬಾಲಯೇಸುನ್ನ. ನನ್ನ ಕೋಣೇಲೇ ಇದೆಯಲ್ಲ."

"ಕೇಳಿದ್ರಾ? ಅವಳ ಬಾಯಿಂದಾನೇ ಬಂತು," ಅಂದ ಅನಿಬಲ್.

ಸುತ್ತಲಿನ ಮುಖಗಳಲ್ಲಿ ನಟನೆ ಇಲ್ಲವೆಂದು ಎದಿಕ್ಸಾಳಿಗೆ ಆಗ ಹೊಳೆಯಿತು. "ನಮ್ಮ ಕಡೆ ಬಾಲಯೇಸುನ್ನ ಕದಿಯೋದು ಹಬ್ಬದ ಆಟ. ಆಗದವರ ಮನೇಲಿ ಕದಿಯಲ್ಲ," ಅಂದಳು. "ನಮ್ಮೋರು ಅನ್ನಿಸಿದವರ ಮನೇಲಿ ಮಾತ್ರ. ಕಳ್ಕೊಂಡವರು ಮೇಣದಬತ್ತಿ ಹಚ್ಕೊಂಡು ಹಾಡ್ತಾ ಬರ್ತಾರೆ. ಕದ್ದವಳು ಎಲ್ಲರಿಗೂ ತಿನ್ನಕ್ಕೆ ಕೊಡ್ತಾಳೆ."

"ಮೊದ್ಲೇ ಹೇಳಕ್ಕೇನಾಗಿತ್ತು?" ಗ್ರಿಸೆಲ್ದಾ ಕೇಳಿದಳು.

"ಹೇಳ್ಬಿಟ್ಟು ಕದಿಯೋದು ಹೇಗೆ, ದೋನ್ಯಾ?"

ಗ್ರಿಸೆಲ್ದಾ ಕ್ಷಮೆ ಕೇಳುವ ಜಾತಿಯವಳಲ್ಲ. ಸುತ್ತ ನೋಡಿ, "ಮೇಣದಬತ್ತಿ ಯಾರ ಹತ್ರ ಇದೆ?" ಅಂದಳು.

ಉರಿಬಿಸಿಲಿನಲ್ಲಿ ಬತ್ತಿಗಳು ಹಚ್ಚುವ ಮೊದಲೇ ಬಾಗುತ್ತಿದ್ದವು. ಸಂಘವಿಡೀ ಅಪಸ್ವರದಲ್ಲಿ ಹಾಡುತ್ತಾ ಹಿತ್ತಿಲ ಕೋಣೆಗೆ ಹೋಯಿತು. ಎದಿಕ್ಸಾಳ ಊರಿನ ಪದ್ಧತಿಯಂತೆ ಬಾಲಯೇಸುವನ್ನು ರೇಷ್ಮೆ ವಸ್ತ್ರದ ಮೇಲೆ ಮಲಗಿಸಿ, ಅದರ ನಾಲ್ಕು ತುದಿಗಳನ್ನು ನಾಲ್ವರು ಹಿಡಿದು ಅಂಗಳ ಸುತ್ತಿ ತಂದು, ಗೋದಲಿಯಲ್ಲಿ ನೆಟ್ಟಗೆ ನಿಲ್ಲಿಸಬೇಕು. ಗ್ರಿಸೆಲ್ದಾ ಒಂದು ತುದಿ ಹಿಡಿದಳು. ಇನ್ನು ಮೂವರು ಹಿರಿಯರು ಉಳಿದ ತುದಿಗಳಿಗೆ ಮುಗಿಬಿದ್ದರು. "ಕಳ್ಳಮಾಲು ನಾನು ಮುಟ್ಟಲ್ಲ," ಎಂದ ಅನಿಬಲ್, ಕೇಕು ಮಾತ್ರ ಎರಡು ಸಲ ಹಾಕಿಸಿಕೊಂಡ.

"ತುದಿ ಹಿಡಿದವರು ಇನ್ಮೇಲೆ ನನಗೆ ಬಂಧುಗಳು," ಅಂದಳು ಎದಿಕ್ಸಾ. ನಾಲ್ವರೂ ಅವಳನ್ನು ಅಪ್ಪಿಕೊಂಡರು.

ಸಭೆ ಮತ್ತೆ ಕೂಡಿತು. ಗ್ರಿಸೆಲ್ದಾ ಜಾಮೀನಿಗೆ ಎದ್ದು ನಿಂತಳು. ಸಂಘದ ಕಾರ್ಯದರ್ಶಿ ಕೆಮ್ಮಿ, ಇನ್ನೊಂದು ಕಟ್ಟಳೆಯನ್ನು ನೆನಪಿಸಿದ. ಬಂಧುಗಳಿಗೆ ಬಂಧುಗಳು ಜಾಮೀನು ನಿಲ್ಲುವಂತಿಲ್ಲ. ದೇವರ ಮುಂದೆ ಆದ ನಂಟೂ ನಂಟೇ. ಹಿಂದೊಮ್ಮೆ, ಗ್ರಿಸೆಲ್ದಾ ದೀಕ್ಷಾಸ್ನಾನದಲ್ಲಿ ಧರ್ಮತಾಯಿಯಾಗಿ ನಿಂತಿದ್ದ ಹುಡುಗನಿಗೆ ಮಳಿಗೆ ತಪ್ಪಿಸಲೆಂದು ಈ ಕಟ್ಟಳೆಯನ್ನು ತಂದವನೇ ಅನಿಬಲ್.

ನಾಲ್ವರು ಹಿರಿಯರು ಹೀಗೆ ಪ್ರೀತಿಯ ಭರದಲ್ಲಿ ಕೈತಪ್ಪಿದರು. ಎಲ್ಲರೂ ಐದನೆಯವನ ಕಡೆ ತಿರುಗಿದರು.

"ನನ್ನನ್ಯಾಕೆ ನೋಡ್ತೀರಿ?"

"ಅವಳಿಗೆ ಏನೂ ಆಗದವನು ನೀನೊಬ್ಬನೇ," ಅಂದಳು ಗ್ರಿಸೆಲ್ದಾ. "ಎಲ್ಲರೆದುರಿಗೆ ನೀನೇ ತೋರಿಸ್ಕೊಟ್ಟೆ. ಬೇಡ ಅಂದ್ರೆ ಅನ್ನು. ಚಾವಣಿ ಇಲ್ದೆ ಮೀನು ಒಣಗಿಸ್ಕೊಂಡು ಮಾರು."

ಅನಿಬಲ್ ಎದ್ದು ನಿಂತ. "ನಿಲ್ತೀನಿ. ಆದ್ರೆ ಅವಳ ಮಳಿಗೆ ನನ್ನದರಿಂದ ದೂರ ಇರ್ಬೇಕು."

ಖಾಲಿ ಇದ್ದ ಮಳಿಗೆ ಅವನ ಪಕ್ಕದ್ದೇ. ಇದು ಸಂಘಕ್ಕೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

ಹೊರಗಿನವರನ್ನು ಎದೆಗಪ್ಪಿಕೊಂಡ ಊರಿನವನೆಂದು ಸಂಸ್ಥೆ ಅವನ ಭಾವಚಿತ್ರ ಅಚ್ಚುಹಾಕಿಸಿತು. ಎದಿಕ್ಸಾ ಬುಧವಾರ ತನ್ನ ಮಳಿಗೆಯಲ್ಲಿ ಒಲೆ ಹಚ್ಚಿದಳು. ಮೊದಲು ಬಂದು ಕೂತವನು ಅನಿಬಲ್. ಸಾರಿಗೆ ಉಪ್ಪು ಸಾಲದು ಎನ್ನುತ್ತಲೇ ಬಟ್ಟಲು ಖಾಲಿ ಮಾಡಿದ. ಜಾಮೀನು ನಿಂತವನು ರುಚಿ ನೋಡಬೇಕಾಗುತ್ತದೆ ಎಂದು ಹೇಳಿ, ದುಡ್ಡು ಕೊಡದೆ ಎದ್ದುಹೋದ.